ಪದ್ಧತಿ ಇಲ್ಲದ ಕೌಬಾಯ್

ನಮ್ಮ ಕಾಲುವೆ ಕ್ಯಾಂಪಿನ ನೀರಾವರಿ ಕಚೇರಿಯ ಹಿರಿಯ ಗುಮಾಸ್ತರು ವಿಮರ್ಶಕರಾಗಬೇಕಾದವರು. ನಮ್ಮ ಪುಣ್ಯಕ್ಕೆ ಶಹಾಪುರದ ಕಡೆ ನೌಕರಿಗೆ ಬಂದಿದ್ದರು. ಊಟದ ಹೊತ್ತಿಗೆ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು, ಹಳೆಯ ಕಪ್ಪು-ಬಿಳುಪು ಕೌಬಾಯ್ ಧಾರಾವಾಹಿಯ ಒಂದು ಕಂತು ನೋಡುವರು. ಊಟ ಮುಗಿದರೂ ಕಂತು ಮುಗಿಯುತ್ತಿರಲಿಲ್ಲ. ಮುಗಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ ತೀರ್ಪು ಕೊಡುವರು: "ಕಥಿ ಠೀಕ್ ಅದ. ಪದ್ಧತಿ ಇಲ್ಲ." ಗುಂಡು ಹಾರಿಸುವ ಮೊದಲು ಯಾರೂ ನೋಟಿಸ್ ಕೊಡುವುದಿಲ್ಲವೆಂಬುದು ಅವರ ಹಳೆಯ ತಕರಾರು. ಪಕ್ಕದ ಮೇಜಿನ ನಾನು ತಲೆಯಾಡಿಸಬೇಕು.

ಒಂದು ದಿನದ ಕಂತಿನಲ್ಲಿ ಮೇಲಿನ ಜಮೀನುದಾರ ಹಳ್ಳಕ್ಕೆ ಒಡ್ಡು ಕಟ್ಟಿದ್ದ. ಕೆಳಗಿನವರ ಹೊಲ ಒಣಗಿತ್ತು. ಕುದುರೆಯೇರಿ ಬಂದ ನಾಯಕ ಒಡ್ಡು ಸಿಡಿಸಿದ, ನೀರು ಹರಿಯಿತು. ಕಾಲುವೆಯ ಕಟ್ಟಕಡೆಯ ಊರಿನಿಂದ ನೀರು ಕೇಳಲು ಬಂದಿದ್ದ ಮುದುಕಿಯೂ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಕಂತು ಮುಗಿಯುವವರೆಗೆ ಆಕೆಗೆ ಬೇರೆ ಕೆಲಸವೇನಿತ್ತು?

ಕನ್ನಡಕ ಹಣೆಗೇರಿತು. "ಕಥಿ ಠೀಕ್ ಅದ. ಪದ್ಧತಿ ಇಲ್ಲ. ಒಡ್ಡು ಒಡಿಯಾಕ ಒಂದು ಅರ್ಜಿ ಇಲ್ಲ, ಮಂಜೂರಿ ಇಲ್ಲ."

"ಆದ್ರ ಅವರ ಹೊಲಕ್ಕ ನೀರು ಬಂತಲ್ರಿ, ಸಾಹೇಬ್ರ," ಎಂದಳು ಮುದುಕಿ.

"ಅದೇ ದೊಡ್ಡ ಸುಳ್ಳು, ಯವ್ವಾ," ಎಂದರು ಗುಮಾಸ್ತರು, ಸ್ವಂತ ಅನುಭವದ ಮೇಲೆ. "ನೀರು ಅಷ್ಟು ಲಗೂ ಎಲ್ಲೆರ ಬರ್ತದ?"

ಮುದುಕಿ ಸೆರಗು ಸರಿಪಡಿಸಿಕೊಂಡು ಹೊಸ್ತಿಲ ಬಳಿಯೇ ಕುಳಿತಳು. "ಹಂಗಾದ್ರ ಇನ್ನೊಮ್ಮಿ ಹಚ್ರಿ, ಸಾಹೇಬ್ರ. ಸುಳ್ಳಾದ್ರೂ ನೀರು ಬರೂದು ನೋಡಿ ಹೋಗ್ತೀನಿ."