ಕಾಯಿ ಹೋಳಿನ ಪಾಠ

ಆಯುಧಪೂಜೆಯ ದಿನ ನಮ್ಮ ಪ್ರಯೋಗಾಲಯದಲ್ಲಿ ಲೇಸರ್ ಮೇಜಿನ ಮುಂದೆ ಕಾಯಿ ಒಡೆದರು. ಹಸಿ ಕಾಯಿನೀರಿನ ವಾಸನೆ ಮುಚ್ಚಿದ ಎ.ಸಿ. ಕೋಣೆಯ ತುಂಬ ಹರಡಿತು. ತಟ್ಟೆಯಲ್ಲಿ ಎರಡು ಹೋಳು. ಒಂದಕ್ಕೆ ಕಣ್ಣಿತ್ತು, ಇನ್ನೊಂದಕ್ಕೆ ಇರಲಿಲ್ಲ. ಎಲ್ಲರೂ ಕೈಮುಗಿದು ನಿಂತಿದ್ದಾಗ ನನಗೆ ಚನ್ನರಾಯಪಟ್ಟಣದ ಫಿಸಿಕ್ಸ್ ಮೇಷ್ಟ್ರು ನೆನಪಾದರು…

ಅವರು ಅಲ್ಲಿನ ನಮ್ಮ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬುದು ಪ್ರತಿ ಸಲವೂ ಪ್ರಾಂಶುಪಾಲರ ಮಾತಿನ ಮೇಲೆ ನಿಂತಿತ್ತು. ಅದು ನಮಗೆಲ್ಲ ಗೊತ್ತಿತ್ತು.

ಪಠ್ಯದಲ್ಲಿಲ್ಲದಿದ್ದರೂ ಒಂದು ದಿನ ಅವರು ಹೆಣೆದುಕೊಂಡ ಫೋಟಾನುಗಳ ಬಗ್ಗೆ ಹೇಳಿದರು. ಒಟ್ಟಿಗೆ ಹುಟ್ಟಿದ ಎರಡು ಬೆಳಕಿನ ಕಣಗಳು ಎಷ್ಟು ದೂರ ಹೋದರೂ, ಒಂದರ ಕಂಪನದ ದಿಕ್ಕನ್ನು ಅಳೆದರೆ ಇನ್ನೊಂದರದ್ದು ತಿಳಿಯುತ್ತದೆ. ಈ ದಿಕ್ಕಿಗೇ ಧ್ರುವೀಕರಣ ಎನ್ನುವುದು. ತೆಂಗಿನ ಊರಿನ ನಮಗೆ ತಿಳಿಯಲೆಂದು ಕಾಯಿಯ ಉದಾಹರಣೆ ಕೊಟ್ಟರು. ಒಡೆದ ಕಾಯಿಯ ಒಂದು ಹೋಳನ್ನು ನೋಡದೆ ಚೀಲಕ್ಕೆ ಹಾಕಿ ಹಾಸನಕ್ಕೆ, ಇನ್ನೊಂದನ್ನು ಅರಕಲಗೂಡಿಗೆ ಕಳಿಸಬೇಕು. ಹಾಸನದವನಿಗೆ ಕಣ್ಣಿನ ಹೋಳು ಸಿಕ್ಕಿದರೆ ಅರಕಲಗೂಡಿನದು ಯಾವುದೆಂದು ಅವನಿಗೆ ಆಗಲೇ ಗೊತ್ತು.

"ಅರಕಲಗೂಡಿಗೆ ಓಗೋ ಅಷ್ಟೊತ್ಗೆ ಅದು ಚಟ್ನಿ ಆಗಿರ್ತದೆ ಕಣ್ ಸಾ," ಎಂದ ಹಿಂದಿನ ಬೆಂಚಿನವನೊಬ್ಬ. ಮೇಷ್ಟ್ರೂ ನಕ್ಕರು.

ನಾನು ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಪಾಠ ಮುಗಿದ ಮೇಲೆ ಹೊರಗೆ ನಿಂತು ಕೇಳಿದೆ: ಕಣ್ಣು ಯಾವ ಹೋಳಿಗೆ ಎಂಬುದು ಕಾಯಿ ಒಡೆದಾಗಲೇ ತೀರ್ಮಾನವಾಗಿರುತ್ತದೆ, ಬೆಳಕಿನದೂ ಹಾಗೆಯೇ? ನೋಡಿ ಹೇಳುತ್ತೇನೆ ಎಂದರು ಮೇಷ್ಟ್ರು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಗ್ರಂಥಾಲಯದ ಕಡೆ ನಡೆದರು.

ಮುಂದಿನ ವಾರ ಪ್ರಾಂಶುಪಾಲರು ಪಾಠ ನೋಡಲು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಯಾರನ್ನು ಮುಂದುವರಿಸಬೇಕೆಂದು ನಿರ್ಧರಿಸುವ ಕಾಲ ಅದು. ಮೇಷ್ಟ್ರು ಸುಲಭದ ಪಾಠವೊಂದನ್ನು ಮಾಡಿ ಮುಗಿಸಬಹುದಿತ್ತು. ಬೋರ್ಡಿನ ಕಡೆ ತಿರುಗುವ ಮೊದಲೇ ಹೇಳಿದರು:

"ಹೋದ ವಾರ ನಾನು ಹೇಳಿದ್ದು ತಪ್ಪು ಕಣ್ರಪ್ಪ. ಕಾಯಿದು ಒಡೆದಾಗ್ಲೇ ತೀರ್ಮಾನ ಆಗೋಗಿರ್ತದೆ. ಬೆಳಕು ಅಂಗಲ್ಲ."

ಎರಡೂ ಕಡೆ ಧ್ರುವೀಕರಣ ಅಳೆಯುವ ಫಲಕವಾದ ಪೋಲರೈಸರನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಅಳೆದಾಗ, ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ಎಷ್ಟು ಹೊಂದಾಣಿಕೆ ಬರಲು ಸಾಧ್ಯವೋ ಅದಕ್ಕಿಂತ ಹೆಚ್ಚು ಬರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ದನಿಯಲ್ಲಿ ತಡವರಿಕೆ ಇರಲಿಲ್ಲ. ಅಷ್ಟು ಸ್ವಚ್ಛವಾದ ಪಾಠವನ್ನು ನಾನು ಆಮೇಲೂ ಕೇಳಿಲ್ಲ. ಪ್ರಾಂಶುಪಾಲರು ನಡುವೆಯೇ ಎದ್ದು ಹೋದರು. ತಪ್ಪು ಪಾಠ ಮಾಡಿ ಅದನ್ನು ಮಕ್ಕಳೆದುರೇ ಒಪ್ಪಿಕೊಳ್ಳುವವರನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಸ್ಟಾಫ್‌ರೂಮಿನಲ್ಲಿ ಅಂದರಂತೆ. ರಜೆ ಮುಗಿಸಿ ಬಂದಾಗ ಮೇಷ್ಟ್ರ ಜಾಗದಲ್ಲಿ ಬೇರೆಯವರಿದ್ದರು…

ಈಗ ನನ್ನ ಸಂಶೋಧನೆಯೂ ಅದೇ ಅಳತೆಯದು. ನಮ್ಮ ಮೇಜಿನ ಮೇಲೂ ಉತ್ತರ ಅವರು ಹೇಳಿದಂತೆಯೇ ಬಂದಿದೆ. ಪೂಜೆಯ ಸಂಜೆ ಹಳೆಯ ಸಹಪಾಠಿಯೊಬ್ಬಳಿಂದ ಮೇಷ್ಟ್ರ ನಂಬರ್ ಪಡೆದು ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ಮೇಷ್ಟ್ರು ಹೋದ ಯುಗಾದಿಗೆ ಮೊದಲೇ ತೀರಿಕೊಂಡರೆಂದರು. ಕೊನೆಯವರೆಗೂ ಟ್ಯೂಷನ್ ಹೇಳುತ್ತಿದ್ದರಂತೆ. ಆ ಕಾಲೇಜು ಯಾಕೆ ತಪ್ಪಿತೆಂದು ಮನೆಯಲ್ಲಿ ಬಾಯಿ ಬಿಟ್ಟಿರಲೇ ಇಲ್ಲವಂತೆ. ನಾನು ಆ ದಿನದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿ ಅವರೆಂದರು:

"ಅದೆಲ್ಲ ನಂಗೆ ತಿಳೀಲಿಲ್ಲ ಕಣವ್ವ. ಎರಡ್ನೇ ಸಲ ಹೇಳುದ್ರಲ್ಲ, ಅದು ಸರಿಯಾಗಿತ್ತಾ?"

"ಸರಿಯಾಗಿತ್ತು ಅಮ್ಮ. ನಾನೇ ಅಳೆದು ನೋಡಿದ್ದೀನಿ," ಎಂದೆ.

ಆ ಮಾತು ಮೇಷ್ಟ್ರ ಕಿವಿಗೇ ಬೀಳಬೇಕಿತ್ತು.