ಅಪ್ಪ ಬಿಡುತ್ತಿದ್ದ ಸುಟ್ಟ ಆಯಿಲ್

ಭೀಮನಬೀಡಿನಿಂದ ಚಾಮರಾಜನಗರಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರುವವನಿಗೆ ದೊಡ್ಡ ಆಸೆಗಳೇನೂ ಉಳಿಯುವುದಿಲ್ಲ. ಸಂಜೆ ಮನೆ ಸೇರಿ ಕಾಲು ಚಾಚಿದರೆ ಸಾಕು, ಯಾರೂ ಮಾತಾಡಿಸದಿದ್ದರೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ. ನಾನು ಎಷ್ಟೋ ವರ್ಷದಿಂದ ಹೀಗೇ ಬದುಕಿದ್ದೇನೆ. ಬೆಳಿಗ್ಗೆ ಗುಂಡ್ಲುಪೇಟೆ, ತೆರಕಣಾಂಬಿ ದಾಟಿ ಹೋಗಿ ಆಫೀಸಿನಲ್ಲಿ ಕಡತಗಳ ಮುಂದೆ ಕೂರುವುದು, ಸಂಜೆ ಅದೇ ಹಂಪು, ಅದೇ ಗುಂಡಿ, ಅದೇ ಧೂಳಿನಲ್ಲಿ ವಾಪಸ್ಸು ಬರುವುದು. ನಗರದಲ್ಲೇ ಮನೆ ಮಾಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಅಪ್ಪ ಊರು ಬಿಟ್ಟು ಬರುವವನಲ್ಲ. ಹಾಗಾಗಿ ಬೆನ್ನುನೋವು ನನ್ನ ಪಾಲಿಗೆ ಬಂತು.

ಅಪ್ಪ ಬಹಳ ಕಾಲ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವನು. ಮಂಡಿ ಹೋದ ಮೇಲೆ ಅದನ್ನು ಬಿಟ್ಟು, ನನ್ನ ಬೈಕಿನ ಚೈನನ್ನು ತನ್ನ ಸುಪರ್ದಿಗೆ ತೆಗೆದುಕೊಂಡ. ಚೈನ್ ಕವರ್ ಎಂದೋ ಒಡೆದು ಹೋಗಿತ್ತು, ಅವನಿಗೆ ಅದೂ ಅನುಕೂಲವೇ ಆಯಿತು. ಟ್ರ್ಯಾಕ್ಟರಿನಿಂದ ಇಳಿಸಿದ ಕಪ್ಪನೆಯ ಸುಟ್ಟ ಆಯಿಲನ್ನು ಯಾರದೋ ಮನೆಯಿಂದ ಬಾಟಲಿಯಲ್ಲಿ ಹಿಡಿದು ತರುತ್ತಿದ್ದ. ಬೈಕನ್ನು ಸ್ಟ್ಯಾಂಡ್ ಹಾಕಿ, ಚಕ್ರ ತಿರುಗಿಸುತ್ತ, ಕೋಳಿಪುಕ್ಕದಲ್ಲಿ ಅದ್ದಿ ಅದ್ದಿ ಸವರುತ್ತಿದ್ದ. "ಚೈನು ಕಿರ್ ಅಂದ್ರೆ ಆಯಿಲ್ ಕೇಳ್ತಾ ಅದೆ ಅಂತ ಕಣ್ಲಾ. ಆಗ ಬುಟ್ರೆ ಸಾಕು" ಎಂದು ನನಗೆ ಬುದ್ಧಿ ಹೇಳುತ್ತಿದ್ದ. ಹದಿನೈದು ದಿನಕ್ಕೊಮ್ಮೆ ನಡೆಯುತ್ತಿದ್ದ ಈ ಸೇವೆ ಕಳೆದ ವರ್ಷ ವಾರಕ್ಕೊಮ್ಮೆಯಾಯಿತು, ಆಮೇಲೆ ದಿನಾ ಬೆಳಿಗ್ಗೆ ಶುರುವಾಯಿತು. ನನ್ನ ಪ್ಯಾಂಟಿನ ಮಡಿಕೆಯ ತುಂಬ ಕಪ್ಪು ಚುಕ್ಕಿ. ಹೆಂಡತಿ ಒಗೆದು ಒಗೆದು ಸಾಕಾಗಿ, ಒಗೆಯುವುದನ್ನೇ ನನಗೆ ವಹಿಸಿಬಿಟ್ಟಳು.

ಒಂದು ಬೆಳಿಗ್ಗೆ ತೆರಕಣಾಂಬಿ ದಾಟಿ ಸ್ವಲ್ಪ ದೂರ ಹೋಗಿದ್ದೆ. ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದಿನ ಚಕ್ರದ ಹತ್ತಿರ ಕಟಕಟ ಸದ್ದು. ಬಿಸಿಲಿನಲ್ಲಿ ತೆರಕಣಾಂಬಿಗೆ ತಳ್ಳಿಕೊಂಡು ಬಂದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ, ಚೈನು ಕೂರುವ ಹಲ್ಲಿನ ಚಕ್ರವನ್ನು, ಅವನ ಮಾತಿನಲ್ಲಿ ಸ್ಪ್ರಾಕೆಟನ್ನು, ನನ್ನ ಮುಖದ ಮುಂದೆ ಹಿಡಿದ. ಹಲ್ಲುಗಳೆಲ್ಲ ಸವೆದು ಒಂದೇ ಕಡೆಗೆ ಕುಡುಗೋಲಿನಂತೆ ಬಾಗಿದ್ದವು. ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ.

"ದಿನಾ ಆಯಿಲ್ ಹಾಕಿದ್ದೀವಲ್ಲಪ್ಪ" ಎಂದೆ.

"ಅದ್ಕೇ ಕಣಣ್ಣ ಇಂಗಾಗಿರದು" ಅಂದ. "ಒರಸ್ದೆ ಮಣ್ ಮೇಲೇ ಸುಟ್ಟಾಯಿಲ್ ಬುಟ್ಟವ್ರೆ. ಆಯಿಲ್ಗೆ ಮತ್ತೆ ಮಣ್ ಅಂಟ್ಕತದೆ. ಕಬ್ಣ ಉಜ್ಜೋ ಎಮರಿ ಪೇಪರ್ ಸುತ್ತಿ ಓಡ್ಸ್ದಂಗೆ ಆಯ್ತದೆ. ಮೊದ್ಲು ಡೀಸಲ್ನಲ್ಲಿ ಬ್ರಶ್ ಆಕಿ ತೊಳೀಬೇಕು, ಒರಸ್ಬೇಕು, ಆಮೇಲೆ ಚೈನಿನ ಒಳಮೈಗೆ ಗೇರ್ ಆಯಿಲ್ ಒಂದೊಂದೇ ತೊಟ್ಟು. ಎಚ್ಚಾದ್ದ ಒರಸ್ಬುಡಿ."

ಹೊಸ ಚೈನು, ಹೊಸ ಸ್ಪ್ರಾಕೆಟ್ ಹಾಕಿಸಿಕೊಂಡು ಆಫೀಸಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಸಾಹೇಬರಿಂದ ಮಂಗಳಾರತಿ. ಆ ಸಿಟ್ಟನ್ನೆಲ್ಲ ಹೊತ್ತು ತಂದು ಅಪ್ಪನ ಮುಂದೆ ಸುರಿದೆ. "ನಿನ್ ಆಯಿಲ್ನಿಂದ್ಲೇ ಎಲ್ಲಾ ಆಳಾಗಿರದು. ಇನ್ಮೇಲೆ ಗಾಡಿ ಮುಟ್ಬ್ಯಾಡ" ಎಂದು, ಹೆಲ್ಮೆಟ್ ತೆಗೆಯುತ್ತ, ಅವನ ಕಡೆ ಸರಿಯಾಗಿ ನೋಡದೆಯೇ ಅಂದೆ. ಅಪ್ಪ, "ಕೈಕಾಲ್ ತೊಳ್ಕಂಡು ಉಣ್ಣೋಗು" ಅಂದ. ಎಷ್ಟು ಮೊಂಡು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ಬಂದರೆ ಅಂಗಳದಲ್ಲಿ ಅದೇ ಬಾಟಲಿ, ಅದೇ ಪುಕ್ಕ. ಹೊಸ ಚೈನು ಆಗಲೇ ಕಪ್ಪಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಬಾಟಲಿ ಕಿತ್ತುಕೊಂಡು ತಿಪ್ಪೆಗೆ ಎಸೆದೆ. ಅಪ್ಪ ಕೂತಲ್ಲಿಂದಲೇ ನನ್ನ ಮುಖ ನೋಡಿದ. ನೆಲಕ್ಕೆ ಕೈಯೂರಿ ನಿಧಾನ ಎದ್ದು ಜಗಲಿಗೆ ಹೋಗಿ, ಬೈಕಿಗೆ ಬೆನ್ನು ಮಾಡಿ ಕೂತ. ಆ ವಾರವೆಲ್ಲ ನಾನು ಹೊರಡುವಾಗ ಅವನು ಹಾಗೇ ಕೂತಿರುತ್ತಿದ್ದ. ಅವನಿಗೆ ಇದ್ದದ್ದು ಅದೊಂದೇ ಕೆಲಸ, ಅದನ್ನೂ ಕಿತ್ತುಕೊಂಡೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಸಂಜೆ ಬಂದು ಮಾತಾಡಿಸೋಣ ಅಂದುಕೊಳ್ಳುತ್ತಿದ್ದೆ. ಸಂಜೆ ಬಂದರೆ ಬಾಯಿ ತೆರೆಯುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಭಾನುವಾರ ನಾನೇ ಚೈನು ತೊಳೆಯಲು ಕೂತೆ. ಡೀಸೆಲ್ ಹಾಕಿ, ಹಳೇ ಬ್ರಶ್ಶಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಚಕ್ರ ತಿರುಗಿಸಿದರೆ ಒಣಗಿದ ಚೈನು ಕಿರ್ರೋ ಎಂದು ಕಿರುಚಿತು. ಅಡುಗೆಮನೆಯಿಂದ ಹೆಂಡತಿ, "ಏನ್ರೀ ಅದು, ಕಿವಿ ಕಿತ್ತೋಗಂಗೆ" ಎಂದು ಕೂಗಿದಳು. ಅಪ್ಪ ಮೂರು ಮಾರು ದೂರದ ಜಗಲಿಯಲ್ಲಿದ್ದ. ಚಕ್ರ ತಿರುಗುವುದನ್ನು ತಿರುಗಿ ನೋಡುತ್ತಿದ್ದ, ಮುಖದಲ್ಲಿ ಏನೂ ಇಲ್ಲ. ನಾನು ಇನ್ನೊಮ್ಮೆ ತಿರುಗಿಸಿದೆ. ಆಗಲೂ ಅಷ್ಟೇ. ಹತ್ತಿರ ಹೋಗಿ, "ಸದ್ದು ಬತ್ತಾ ಅದಲ್ಲ, ಕೇಳುಸ್ತದಾ?" ಎಂದು ಜೋರಾಗಿ ಕೇಳಿದೆ.

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. "ಈಗಿನ್ ಚೈನು ಸದ್ದೇ ಮಾಡಲ್ಲ ಕಣ್ಲಾ" ಅಂದ. "ಯಾವಾಗ ಒಣಗ್ತದೆ ಅಂತ್ಲೇ ಗೊತ್ತಾಗಲ್ಲ. ದಾರೀಲಿ ಕಟ್ಟಾಗಿ ನೀನು ಬಿದ್ಗಿದ್ದೀಯ ಅಂತ ದಿನಾ ಬುಡ್ತಿದ್ದೆ."

ಒಂದೇ ಸೂರಿನ ಕೆಳಗೆ ಇದ್ದು, ಒಂದೇ ಹೊತ್ತಿಗೆ ಉಂಡು, ಇದು ನನಗೆ ಗೊತ್ತೇ ಆಗಿರಲಿಲ್ಲ. ನನಗೆ ನಾಚಿಕೆಯಾಯಿತು. ಮರುದಿನ ರಜೆ ಹಾಕಿ, ಅವನನ್ನು ಅದೇ ಬೈಕಿನಲ್ಲಿ ಕೂರಿಸಿಕೊಂಡು ನಗರದ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ಎರಡೂ ಕಿವಿ ಪರೀಕ್ಷೆ ಮಾಡಿ, ಬಹಳ ದಿನದಿಂದ ಕೇಳಿಸುತ್ತಿಲ್ಲ, ಮೆಷಿನ್ ಹಾಕಿಸಬೇಕು ಎಂದರು. ಹೊರಗಿನ ಬೆಂಚಿನಲ್ಲಿ ಕೂತು ನಾನು ಅಪ್ಪನ ಕಿವಿಗೆ ಬಾಯಿಟ್ಟು, "ಕಿವಿ ಹೋಗ್ಬುಟ್ಟವಂತೆ ಅಪ್ಪಾ" ಎಂದು ಕೂಗಿದೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

"ಕಿವಿಯಾ?" ಅಂದ. ಅವನ ಮುಖ ಸಡಿಲವಾಯಿತು, ನಗುವೂ ಬಂತು. "ಅಷ್ಟೇನಾ? ನೀನೇ ನನ್ ತಾವ ಮಾತು ಬುಟ್ಬುಟ್ಟಿದ್ದೀಯ ಅನ್ಕಂಡಿದ್ನಲ್ಲ ಮೊಗ."

ಹಾಗೇನಿಲ್ಲ ಎಂದು ಕೂಗಿ ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.