ಮೇಸ್ತ್ರಿಯ ಚಪ್ಪಲಿ

ಅಬ್ಬಿಗೆರೆಯ ಆ ಮೇಸ್ತ್ರಿಗೆ ಸಿಟ್ಟು ಬಂದರೆ ಬಾಯಲ್ಲಿ ಒಂದೇ ಮಾತು: "ನಿಮ್ಮನೆ, ನಿಮ್ಮಿಷ್ಟ." ಜಾಲಹಳ್ಳಿಯ ನಮ್ಮ ಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿದವನು ಅವನೇ. ಮಂಡಿಯೂರಿ ಕೂತು, ಅಂಗೈಯಲ್ಲಿ ದಿನಗಟ್ಟಲೆ ಉಜ್ಜಿ, ಮುಖ ಕಾಣುವಷ್ಟು ಹೊಳಪು ತಂದಿದ್ದ.

೧೯೮೦ರ ಸುಮಾರಿಗೆ ಅಪ್ಪನ ಫ್ಯಾಕ್ಟರಿಯ ಗೆಳೆಯರೆಲ್ಲ ಮನೆಗೆ ಮೊಸಾಯಿಕ್ ಹಾಕಿಸಿದರು. ಅಪ್ಪನಿಗೂ ಆ ಹುಚ್ಚು ಹಿಡಿಯಿತು. ಅಮ್ಮ ಬೇಡವೆಂದಳು. ಅವಳ ಮಾತು ಯಾರಿಗೆ ಬೇಕಿತ್ತು? ನೆನೆದರೆ ಈಗಲೂ ಮೈ ಉರಿಯುತ್ತದೆ. ಹಳೆಯ ನೆಲ ಒಡೆಯಲು ಅಪ್ಪ ಆ ಮೇಸ್ತ್ರಿಯನ್ನೇ ಕರೆಸಿದರು.

ಅವನು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದ.

"ಒಡೆದ ಚೂರು ಕಾಲಿಗೆ ಚುಚ್ಚುತ್ತೆ, ಹಾಕ್ಕೊಳ್ಳಯ್ಯ," ಎಂದರು ಅಪ್ಪ.

"ನಾನ್ ಉಜ್ಜಿರೋ ನೆಲ ಸಾ, ಚಪ್ಲಿ ಆಕ್ಕೊಂಡು ಎಂಗ್ ತುಳೀಲಿ?" ಎಂದು ಬರಿಗಾಲಲ್ಲೇ ಸುತ್ತಿಗೆ ಎತ್ತಿದ. "ಒಡ್ದು ಕೊಡ್ತೀನಿ. ಒಸ್ದು ಮಾತ್ರ ನಾನ್ ಆಕಲ್ಲ. ನಿಮ್ಮನೆ, ನಿಮ್ಮಿಷ್ಟ."

ಮೊಸಾಯಿಕ್ ಹಾಕಿದವರು ಇಳಿಜಾರು ನೋಡಲೇ ಇಲ್ಲ. ತೊಳೆದ ನೀರೆಲ್ಲ ನಡುಮನೆಯಲ್ಲೇ ನಿಲ್ಲುತ್ತಿತ್ತು. ಅದರಲ್ಲಿ ಜಾರಿ ಬಿದ್ದು ಅಮ್ಮ ಕೈ ಮುರಿದುಕೊಂಡಳು. ಸರಿಮಾಡಿಸಲು ಅಪ್ಪ ಮತ್ತೆ ಅವನಿಗೇ ಹೇಳಿಕಳಿಸಿದರು.

ಅವನು ಬಾಗಿಲಲ್ಲಿ ನಿಂತು ಅಮ್ಮನ ಕೈಗೆ ಕಟ್ಟಿದ್ದ ಪಟ್ಟಿ ನೋಡಿದ. ಈ ಸಲ ಚಪ್ಪಲಿ ಮೆಟ್ಟಿಕೊಂಡೇ ಹೊಸ್ತಿಲು ದಾಟಿ, ಮೊಸಾಯಿಕ್ ತುಳಿದುಕೊಂಡು ನಡುಮನೆಗೆ ಬಂದು ನಿಂತ.

ಮನೆಯೊಳಗೆ ಚಪ್ಪಲಿ ಕಂಡರೆ ಕೂಗಾಡುತ್ತಿದ್ದ ಅಪ್ಪ, ಅವತ್ತು ತಲೆ ಎತ್ತಲಿಲ್ಲ.